ಮುಂಬೈ ಹೊತ್ತಿ ಉರಿದಾಗ ಭಿವಂಡಿ ಏಕೆ ಶಾಂತವಾಗಿತ್ತು?

ನಮ್ಮ ಪ್ರತಿನಿಧಿಯಿಂದ

ಗಣೇಶ ಚತುರ್ಥಿ ಅಥವಾ ಈದ್ ಹತ್ತಿರ ಬಂದಾಗ ನಮ್ಮ ರಾಜ್ಯದ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆ ನಡೆಯುವುದು ವಾಡಿಕೆ. ಇನ್‌ಸ್ಪೆಕ್ಟರ್ ಅಧ್ಯಕ್ಷತೆ ವಹಿಸುತ್ತಾರೆ. ಎರಡೂ ಸಮುದಾಯಗಳ ಮುಖಂಡರು ಬರುತ್ತಾರೆ. ಮೆರವಣಿಗೆಯ ಮಾರ್ಗ, ಧ್ವನಿವರ್ಧಕದ ಸಮಯ ನಿಗದಿಯಾಗುತ್ತದೆ. ಚಹಾ ಕುಡಿದು ಎಲ್ಲರೂ ಚದುರುತ್ತಾರೆ. ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ. ಅಂಥ ಸುದ್ದಿಗಳನ್ನು ನಾವೂ ಸಾಕಷ್ಟು ಬರೆದಿದ್ದೇವೆ. ಸಭೆಗೆ ಬರುವವರ ಹೆಸರುಗಳು ವರ್ಷ ಕಳೆದರೂ ಬದಲಾಗುವುದಿಲ್ಲ ಎಂಬುದನ್ನು ಮಾತ್ರ ಬರೆದಿಲ್ಲ.

ಇದಕ್ಕಿಂತ ತೀರಾ ಭಿನ್ನವಾದ ಒಂದು ಪ್ರಯೋಗ ಮಹಾರಾಷ್ಟ್ರದ ಭಿವಂಡಿಯಲ್ಲಿ ನಡೆದಿತ್ತು. ಠಾಣೆ ಜಿಲ್ಲೆಯ ಈ ಊರು ವಿದ್ಯುತ್ ಮಗ್ಗಗಳಿಗೆ ಹೆಸರುವಾಸಿ. ಉತ್ತರ ಪ್ರದೇಶದಿಂದ ಬಂದ ಮುಸ್ಲಿಂ ನೇಕಾರರು, ತೆಲುಗು ನೆಲದಿಂದ ಬಂದ ಪದ್ಮಶಾಲಿಗಳು ಇಲ್ಲಿ ನೆಲೆಸಿದ್ದಾರೆ. ಆದರೆ ಬಹುಕಾಲ ದೇಶಕ್ಕೆ ಭಿವಂಡಿಯ ಪರಿಚಯವಿದ್ದುದು ಗಲಭೆಗಳಿಂದ. 1970ರ ಮೇ ತಿಂಗಳಲ್ಲಿ ಶಿವಜಯಂತಿ ಮೆರವಣಿಗೆಯ ವೇಳೆ ಹಿಂಸಾಚಾರ ಸ್ಫೋಟಿಸಿತು. ಅದರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡಿ.ಪಿ. ಮದನ್ ಆಯೋಗವು ಪೊಲೀಸರ ಪಕ್ಷಪಾತವನ್ನು ಕಟುವಾಗಿ ಟೀಕಿಸಿತು. 1984ರಲ್ಲಿ ಮತ್ತೆ ಗಲಭೆಯಾಗಿ ಮುಂಬೈ, ಠಾಣೆಗಳಿಗೂ ಹಬ್ಬಿತು. ಆಗ ಇನ್ನೂರಕ್ಕೂ ಹೆಚ್ಚು ಜನ ಅಸುನೀಗಿದರು.

1988ರಲ್ಲಿ ಭಿವಂಡಿಯ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆಯವರ ಮುಂದಿದ್ದದ್ದು ಈ ಇತಿಹಾಸ. ಅವರು ಊರಿನಲ್ಲಿ ಸುಮಾರು 70 ಮೊಹಲ್ಲಾ ಸಮಿತಿಗಳನ್ನು ರಚಿಸಿದರು. (ಮೈಸೂರಿನವರಿಗೆ ಮೊಹಲ್ಲಾ ಎಂದರೇನೆಂದು ವಿವರಿಸಬೇಕಿಲ್ಲ, ಕೇರಿ, ಬಡಾವಣೆ ಎಂದುಕೊಂಡರಾಯಿತು.) ಪ್ರತಿ ಸಮಿತಿಯಲ್ಲೂ ಹಿಂದೂಗಳು ಮತ್ತು ಮುಸ್ಲಿಮರು ಸಮಸಂಖ್ಯೆಯಲ್ಲಿದ್ದರು. ಅಪರಾಧದ ಹಿನ್ನೆಲೆಯುಳ್ಳವರಿಗೆ ಪ್ರವೇಶವಿರಲಿಲ್ಲ. ಪ್ರತಿಷ್ಠಿತರಿಗಿಂತ ಕೇರಿಯ ಸಾಮಾನ್ಯ ನಿವಾಸಿಗಳಿಗೇ ಆದ್ಯತೆ. ಆಯಾ ಪ್ರದೇಶದ ಪೊಲೀಸ್ ಅಧಿಕಾರಿ ಮತ್ತು ಬೀಟ್ ಪೇದೆ ಸಮಿತಿಯ ಜೊತೆ ನಿರಂತರ ಸಂಪರ್ಕದಲ್ಲಿರಬೇಕಿತ್ತು.

ಬಹು ಮುಖ್ಯವಾದ ಸಂಗತಿಯೆಂದರೆ ಈ ಸಮಿತಿಗಳು ಸೇರುತ್ತಿದ್ದುದು ಗಲಭೆಯ ಸಂದರ್ಭದಲ್ಲಲ್ಲ, ಏನೂ ನಡೆಯದ ದಿನಗಳಲ್ಲಿ. ಕೇರಿಯ ಜಗಳಕ್ಕೆ ಮೂಲ ಸಾಮಾನ್ಯವಾಗಿ ಧರ್ಮವಲ್ಲ. ನಲ್ಲಿಯ ಮುಂದಿನ ಸರದಿ, ತುಂಬಿ ಹರಿಯುವ ಚರಂಡಿ, ಮಕ್ಕಳ ಹೊಡೆದಾಟ, ಬಾಡಿಗೆಯ ಬಾಕಿ, ಇಂಥವೇ. ಜಗಳವಾಡುವ ಇಬ್ಬರು ಎರಡು ಧರ್ಮಗಳವರಾಗಿದ್ದರೆ ಸಂಜೆಯ ಹೊತ್ತಿಗೆ ಅದು ಕೋಮು ತಂಟೆಯೆಂಬ ರೂಪ ಪಡೆಯುತ್ತದೆ. ಬೆಳಿಗ್ಗೆಯೇ ಇತ್ಯರ್ಥಪಡಿಸುವವರಿದ್ದರೆ ಸಂಜೆಯ ಮಾತು ಬರುವುದಿಲ್ಲ. ಎರಡನೆಯದಾಗಿ, ಪದೇ ಪದೇ ಭೇಟಿಯಾಗುವುದರಿಂದ ಪೊಲೀಸರ ಬಗೆಗಿನ ಭಯ ಕಡಿಮೆಯಾಗುತ್ತದೆ. ಪೊಲೀಸರು ತಮ್ಮ ವಿರೋಧಿಗಳೆಂದು ನಂಬಿದ ಕೇರಿಯಿಂದ ಠಾಣೆಗೆ ಯಾವ ಮಾಹಿತಿಯೂ ಬರಲಾರದು.

ಪರೀಕ್ಷೆಯ ಕಾಲ ಬಂದದ್ದು 1992ರ ಡಿಸೆಂಬರ್ 6ರಂದು, ಬಾಬರಿ ಮಸೀದಿ ಧ್ವಂಸವಾದಾಗ. ಮುಂಬೈಯಲ್ಲಿ ಆ ಡಿಸೆಂಬರ್ ಮತ್ತು ಮುಂದಿನ ಜನವರಿಯಲ್ಲಿ ನಡೆದ ಗಲಭೆಗಳಲ್ಲಿ 900 ಜನ ಸತ್ತರೆಂದು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗ ದಾಖಲಿಸಿದೆ. ಕೂಗಳತೆಯ ದೂರದ ಭಿವಂಡಿ ಮಾತ್ರ ಶಾಂತವಾಗಿತ್ತು. ಮುಂಬೈ ಉರಿಯಿತು, ಭಿವಂಡಿ ಏಕೆ ಉರಿಯಲಿಲ್ಲ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಖೋಪಡೆಯವರು ಮುಂದೆ ಮರಾಠಿಯಲ್ಲಿ ಪುಸ್ತಕ ಬರೆದರು.

ವದಂತಿಯ ವೇಗ

ಇದೇ ಪ್ರಶ್ನೆಯನ್ನು ರಾಜ್ಯಶಾಸ್ತ್ರಜ್ಞ ಅಶುತೋಷ್ ವರ್ಷ್ಣೇಯ್ ವಿಸ್ತಾರವಾಗಿ ಪರಿಶೀಲಿಸಿದ್ದಾರೆ. 2002ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, 1950ರಿಂದ 1995ರ ನಡುವಿನ ಹಿಂದೂ-ಮುಸ್ಲಿಂ ಗಲಭೆಗಳ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೇವಲ ಎಂಟು ನಗರಗಳಲ್ಲಿ ಸಂಭವಿಸಿದ್ದವು. ಹಳ್ಳಿಗಳ ಪಾಲು ಶೇ. 4ಕ್ಕಿಂತ ಕಡಿಮೆ. ಅಂದರೆ ಗಲಭೆ ದೇಶದ ರೋಗವೆನ್ನುವುದಕ್ಕಿಂತ ಕೆಲವು ನಗರಗಳ ಕೆಲವು ಕೇರಿಗಳ ರೋಗವೆನ್ನಬೇಕು. ಎರಡೂ ಸಮುದಾಯದವರು ಒಂದೇ ಸಂಘ, ಒಂದೇ ವ್ಯಾಪಾರ, ಒಂದೇ ಪಕ್ಷದಲ್ಲಿ ಬೆರೆತಿರುವ ಊರುಗಳಲ್ಲಿ ಕಿಡಿ ಬಿದ್ದರೂ ಬೆಂಕಿಯಾಗುವುದಿಲ್ಲ ಎಂಬುದು ಅವರ ವಾದ.

ಅವರು ಅಲಿಗಢವನ್ನು ಕೇರಳದ ಕಲ್ಲಿಕೋಟೆಯ ಜೊತೆ ಹೋಲಿಸುತ್ತಾರೆ. ಕಲ್ಲಿಕೋಟೆಯಲ್ಲಿ ವದಂತಿಗಳೆದ್ದಾಗ ಶಾಂತಿ ಸಮಿತಿ ಮತ್ತು ಸ್ಥಳೀಯ ಪತ್ರಿಕೆಗಳು ಅವನ್ನು ಅಲ್ಲಿಯೇ ತಡೆದವು. 1990ರ ಡಿಸೆಂಬರ್‌ನಲ್ಲಿ ಅಲಿಗಢದಲ್ಲಾದದ್ದು ಇದಕ್ಕೆ ವಿರುದ್ಧ. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹಿಂದೂ ರೋಗಿಗಳನ್ನು ಕೊಲ್ಲಲಾಗಿದೆ ಎಂಬ ಸುದ್ದಿಯನ್ನು ಹಿಂದಿ ಪತ್ರಿಕೆಗಳು ಅಚ್ಚು ಹಾಕಿದವು. ಅದು ಶುದ್ಧ ಸುಳ್ಳೆಂದು ತಿಳಿಯುವ ವೇಳೆಗೆ ಆಗಬಾರದ್ದು ಆಗಿಹೋಗಿತ್ತು. ಪತ್ರಿಕಾ ವೃತ್ತಿಯಲ್ಲಿರುವವರು ಈ ಪ್ರಸಂಗವನ್ನು ಆಗಾಗ ನೆನಪಿಸಿಕೊಳ್ಳುವುದು ಒಳ್ಳೆಯದು.

ಮುಂಬೈ ಕೂಡ ತಡವಾಗಿಯಾದರೂ ಭಿವಂಡಿಯಿಂದ ಕಲಿಯಿತು. ಗಲಭೆಯ ಬಳಿಕ ಜೂಲಿಯೊ ರಿಬೈರೊ, ಪೊಲೀಸ್ ಆಯುಕ್ತರಾಗಿದ್ದ ಸತೀಶ್ ಸಾಹ್ನಿ, ಸಾಮಾಜಿಕ ಕಾರ್ಯಕರ್ತೆ ಸುಶೋಭಾ ಬರ್ವೆ ಮೊದಲಾದವರು ಮೊಹಲ್ಲಾ ಸಮಿತಿ ಚಳವಳಿ ಆರಂಭಿಸಿದರು. ಕೊಳೆಗೇರಿಗಳ ಹುಡುಗರು ಮತ್ತು ಪೊಲೀಸರ ನಡುವೆ ಶಾಂತಿಗಾಗಿ ಕ್ರಿಕೆಟ್ ಪಂದ್ಯಗಳು ನಡೆದವು. ಕೇಳಲು ಇದು ಕ್ಷುಲ್ಲಕವೆನಿಸಬಹುದು. ಆದರೆ ಚೆಂಡೆಸೆದ ಹುಡುಗನ ಹೆಸರು ಪೇದೆಗೆ ತಿಳಿದಿರುವುದೂ ಪೇದೆಯ ಹೆಸರು ಹುಡುಗನಿಗೆ ತಿಳಿದಿರುವುದೂ ಕಲ್ಲು ತೂರಾಟದ ದಿನ ಕ್ಷುಲ್ಲಕವಾಗಿರುವುದಿಲ್ಲ.

ಭಿವಂಡಿಯ ಕಥೆ ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. 2006ರ ಜುಲೈ 5ರಂದು ಅದೇ ಊರಿನಲ್ಲಿ ಪೊಲೀಸ್ ಠಾಣೆ ಕಟ್ಟಲು ಹೊರಟ ಜಾಗ ಖಬರಸ್ತಾನಕ್ಕೆ ಸೇರಿದ್ದೆಂಬ ವಿವಾದ ಹಿಂಸೆಗೆ ತಿರುಗಿತು. ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಉದ್ರಿಕ್ತ ಗುಂಪು ಇಬ್ಬರು ಪೇದೆಗಳನ್ನು ಕೊಂದಿತು. ಮೊಹಲ್ಲಾ ಸಮಿತಿಗಳು ಹಿಂದಿನ ಕಸುವು ಕಳೆದುಕೊಂಡಿದ್ದವು ಎಂಬ ಟೀಕೆ ಆಗ ಕೇಳಿಬಂತು. ಈ ಬಾರಿ ಜಗಳವಿದ್ದದ್ದು ಎರಡು ಸಮುದಾಯಗಳ ನಡುವೆ ಅಲ್ಲ, ಜನರ ಮತ್ತು ಪೊಲೀಸರ ನಡುವೆ ಎಂಬುದನ್ನು ಗಮನಿಸಬೇಕು. ಒಬ್ಬ ಅಧಿಕಾರಿಯ ಆಸಕ್ತಿಯನ್ನು ನಂಬಿ ನಿಂತ ವ್ಯವಸ್ಥೆ ವರ್ಗಾವಣೆಯ ಆದೇಶಗಳನ್ನು ಎಷ್ಟು ಕಾಲ ತಾಳೀತು?

ನಮ್ಮಲ್ಲಿ

ಕರ್ನಾಟಕದಲ್ಲಿ 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಜಾರಿಗೆ ಬಂದಾಗ ಪ್ರತಿ ಬೀಟ್‌ಗೂ ನಾಗರಿಕರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಕ್ರಮ ಆರಂಭವಾಯಿತು. ಕಾಗದದ ಮೇಲೆ ಇದು ಭಿವಂಡಿಯ ಮಾದರಿಗೆ ಬಹಳ ಹತ್ತಿರದ್ದು. ಆದರೆ 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಒಂದು ಫೇಸ್‌ಬುಕ್ ಬರಹ ಕೆಲವೇ ಗಂಟೆಗಳಲ್ಲಿ ಠಾಣೆಗೆ ಬೆಂಕಿಯಿಡುವ ಮಟ್ಟಕ್ಕೆ ಹೋಯಿತು. ಗೋಲಿಬಾರಿನಲ್ಲಿ ಜೀವಗಳು ಹೋದವು. 1992ರಲ್ಲಿ ವದಂತಿ ಬಾಯಿಂದ ಬಾಯಿಗೆ ನಡೆಯುತ್ತಿತ್ತು. ಅದನ್ನು ತಡೆಯಲು ಸಮಿತಿಯ ಸದಸ್ಯರಿಗೆ ಒಂದಿಷ್ಟು ಸಮಯವಿತ್ತು. ಈಗ ಆ ಸಮಯವಿಲ್ಲ.

ಅದೇ ರಾತ್ರಿಯ ಇನ್ನೊಂದು ದೃಶ್ಯವೂ ದಾಖಲಾಗಿದೆ. ಆ ಪ್ರದೇಶದ ಆಂಜನೇಯ ದೇವಾಲಯದ ಮುಂದೆ ಮುಸ್ಲಿಂ ಯುವಕರು ಕೈ ಕೈ ಹಿಡಿದು ಮಾನವ ಸರಪಳಿ ರಚಿಸಿ ಕಾವಲು ನಿಂತಿದ್ದರು. ಶಾಂತಿ ಸಭೆಯ ಮುಂದಿನ ಸಾಲಿನ ಕುರ್ಚಿಗಳಲ್ಲಿ ಸಾಮಾನ್ಯವಾಗಿ ಈ ವಯಸ್ಸಿನವರು ಕಾಣುವುದಿಲ್ಲ. ಬೀಟ್ ಪುಸ್ತಕದಲ್ಲಿ ಮುಖಂಡರ ಹೆಸರುಗಳ ಕೆಳಗೆ ಇಂಥವರ ಮೊಬೈಲ್ ಸಂಖ್ಯೆಗಳನ್ನೂ ಬರೆದಿಟ್ಟುಕೊಳ್ಳಲು ಸರ್ಕಾರದ ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ.