ದುರ್ಬೀನು ಕೊಳ್ಳುವ ಮುನ್ನ

2019ರ ಡಿಸೆಂಬರ್ 26ರಂದು ಕೊಡಗಿನ ಕುಟ್ಟ ಸಮೀಪದ ಕಾಯಿಮಾನಿಗೆ ದೂರದೂರದಿಂದ ಜನ ಬಂದಿದ್ದರು. ಸೂರ್ಯ ಬಳೆಯಂತೆ ಕಾಣುವ ಕಂಕಣ ಗ್ರಹಣ ಅಲ್ಲಿ ಗೋಚರಿಸಿತ್ತು. ಅಂತಹ ದೃಶ್ಯ ಅಪರೂಪ. ಆದರೆ ಮಳೆಗಾಲ ಕಳೆದ ಮೇಲೆ, ಮಂಜಿಲ್ಲದ ರಾತ್ರಿಗಳಲ್ಲಿ ಕೊಡಗಿನ ಆಕಾಶವೇ ಒಂದು ತೆರೆದ ಪುಸ್ತಕ. ಕಾಫಿ ಒಣಗಿಸುವ ಕಣದಲ್ಲಿ ಚಾಪೆ ಹಾಸಿ ಮಕ್ಕಳೊಂದಿಗೆ ಅದನ್ನು ಓದಬಹುದು.

ಇದಕ್ಕೆ ದುಬಾರಿ ದೂರದರ್ಶಕ ಬೇಕಿಲ್ಲ, ಒಳ್ಳೆಯ ದುರ್ಬೀನು ಸಾಕು. ಅದರ ಮೇಲೆ 10×50 ಎಂದು ಬರೆದಿದ್ದರೆ 10 ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 50 ಮಿಲಿಮೀಟರ್ ಎಂದರ್ಥ. ಅನೇಕರು ಮೊದಲ ಸಂಖ್ಯೆಗೆ ಮರುಳಾಗುತ್ತಾರೆ. ನಕ್ಷತ್ರ ನೋಡಲು ಮುಖ್ಯವಾದುದು ಎರಡನೆಯದು. 25 ಮಿ.ಮೀ. ಗಾಜಿಗಿಂತ 50 ಮಿ.ಮೀ. ಗಾಜು ನಾಲ್ಕು ಪಟ್ಟು ಬೆಳಕು ಸೆಳೆಯುತ್ತದೆ. ಶಕ್ತಿ 10ಕ್ಕಿಂತ ಹೆಚ್ಚಾದರೆ ಕೈ ನಡುಗಿ ನಕ್ಷತ್ರ ನಿಲ್ಲುವುದೇ ಇಲ್ಲ. 7×50 ಅಥವಾ 10×50 ಮನೆಮಂದಿಗೆಲ್ಲ ಒಪ್ಪುತ್ತದೆ. ಭಾರವೆನಿಸಿದರೆ 8×42 ಆಗಬಹುದು. ಜೂಮ್ ಇರುವವು ಮತ್ತು ಕೆಂಪಗೆ ಹೊಳೆಯುವ ಗಾಜಿನವು ಬೇಡ.

ಅಂಗಡಿಯಲ್ಲೇ ದೂರದ ಫಲಕವೊಂದನ್ನು ನೋಡಿ. ಎರಡೂ ಕಣ್ಣಿಗೆ ಒಂದೇ ಚಿತ್ರ ಕಾಣಬೇಕು. ಎರಡಾಗಿ ಕಂಡರೆ ಕೊಳ್ಳಬೇಡಿ. ಕನ್ನಡಕ ಧರಿಸುವವರು ಕನ್ನಡಕದೊಂದಿಗೇ ಪರೀಕ್ಷಿಸಬೇಕು.

ಚಂದ್ರನ ಕುಳಿಗಳು, ಗುರುಗ್ರಹದ ನಾಲ್ಕು ಉಪಗ್ರಹಗಳು, ನಾವು ಸುರಯ್ಯಾ ಎನ್ನುವ ಕೃತ್ತಿಕೆಯ ಗೊಂಚಲು ಇದರಲ್ಲಿ ಕಾಣುತ್ತವೆ. ಚಳಿಗಾಲದ ಸಂಜೆ ಆಂಡ್ರೊಮಿಡಾ ಗೆಲಾಕ್ಸಿ ಮಸುಕು ಮೋಡದಂತೆ ತೋರುತ್ತದೆ. ಕ್ರಿ.ಶ. 964ರ ಸುಮಾರಿಗೆ ಅಬ್ದುರ್ರಹ್ಮಾನ್ ಅಲ್ ಸೂಫಿ ಅದನ್ನು ಬರಿಗಣ್ಣಿನಿಂದಲೇ ಕಂಡು 'ಚಿಕ್ಕ ಮೋಡ'ವೆಂದು ದಾಖಲಿಸಿದ್ದರು.

ರಮಝಾನಿನ ಬಾಲಚಂದ್ರನನ್ನು ಹುಡುಕುವ ಉತ್ಸಾಹ ಮಕ್ಕಳಿಗೆ ಇದ್ದೇ ಇರುತ್ತದೆ. ತಿಂಗಳ ನಿರ್ಣಯ ಖಾಝಿಯವರಿಗೆ ಬಿಟ್ಟದ್ದು. ನೋಡುವ ಸಂತೋಷ ನಮ್ಮದು. ಆದರೆ ಸೂರ್ಯ ಪೂರ್ತಿ ಮುಳುಗುವ ತನಕ ದುರ್ಬೀನನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಒಂದು ಕ್ಷಣ ಸೂರ್ಯನತ್ತ ತಿರುಗಿದರೂ ಕಣ್ಣು ಶಾಶ್ವತವಾಗಿ ಹೋಗಬಹುದು. ಗ್ರಹಣದ ಕನ್ನಡಕ ಹಾಕಿಕೊಂಡು ದುರ್ಬೀನಿನಲ್ಲಿ ನೋಡುವುದೂ ಅಪಾಯವೇ.

ಕೊಡಗಿನ ಮಳೆಗಾಲದ ತೇವಕ್ಕೆ ಗಾಜಿನೊಳಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಸೀರೆಯ ಸೆರಗಿನಿಂದಲೋ ದುಪಟ್ಟಾದಿಂದಲೋ ಗಾಜು ಒರೆಸಬೇಡಿ. ಇಷ್ಟು ಜೋಪಾನ ಮಾಡಿದರೆ ಇಂದು ಕೊಂಡ ದುರ್ಬೀನು ಮೊಮ್ಮಕ್ಕಳಿಗೂ ಉಳಿದೀತು.