ದಡ ಸೇರಿದ ಮೇಲಿನ ಆರೆಂಟು ತಾಸು

ಗೋಕರ್ಣದ ಓಂ ಬೀಚ್‌ನಲ್ಲಿ ಮರಳಿನ ಎರಡು ಅರ್ಧಚಂದ್ರಗಳ ನಡುವೆ ಬಂಡೆಗಳು ಕಡಲಿನೊಳಕ್ಕೆ ಚಾಚಿಕೊಂಡಿವೆ. ಗುಡ್ಡದ ಮೇಲೆ ನಿಂತವರಿಗೆ ಓಂಕಾರ ಕಾಣುವುದು ಇದರಿಂದಲೇ. ದಡಕ್ಕೆ ಬಂದ ಅಲೆಯ ನೀರು ಹಿಂದೆ ಹೋಗಲು ಹಾದಿ ಹುಡುಕಿ, ಇಂಥ ಬಂಡೆಗಳ ಮಗ್ಗುಲಲ್ಲಿ ಒಟ್ಟುಗೂಡಿ ರಭಸದಿಂದ ಒಳಕ್ಕೆ ಹರಿಯುತ್ತದೆ. ಆ ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದತ್ತ ಈಜಲು ಹೆಣಗುತ್ತಾರೆ, ಸೋಲುತ್ತಾರೆ. ಬಂಡೆಯಿಂದ ದೂರಕ್ಕೆ, ದಡದ ಗುಂಟ ಅಡ್ಡಲಾಗಿ ಈಜಿದರೆ ಸೆಳೆತದಿಂದ ಹೊರಬರಬಹುದು.

ಡಿಸೆಂಬರ್ 2024ರಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದಾಗ ನಾಡಿಗೆ ನಾಡೇ ಮರುಗಿತು. ಸತ್ತವರ ಸುದ್ದಿ ಹಾಗೆ ಎಲ್ಲರಿಗೂ ತಲುಪುತ್ತದೆ. ಜೀವರಕ್ಷಕರು ಎಳೆದು ತಂದು ಬದುಕಿಸಿದವರ ಮುಂದಿನ ಕತೆ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಮರಳ ಮೇಲೆ ಕೂತು ಕೆಮ್ಮಿ, ಉಪ್ಪುನೀರು ಉಗಿದು, "ನಂಗೇನೂ ಆಗಿಲ್ಲ, ಬಿಡಿ" ಎನ್ನುವ ಯುವಕನ ಪುಪ್ಪುಸದಲ್ಲಿ ಏನಾಗುತ್ತಿರುತ್ತದೆ?

ಪುಪ್ಪುಸದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಿವೆ. ಅವುಗಳ ಒಳಗೋಡೆಗೆ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನಂಥ ತೆಳುಲೇಪವಿರುತ್ತದೆ. ಉಸಿರು ಬಿಟ್ಟಾಗಲೂ ಗೂಡುಗಳು ಮುಚ್ಚಿಹೋಗದಂತೆ ಕಾಯುವುದು ಅದೇ. ಒಳಹೊಕ್ಕ ನೀರು ಈ ಲೇಪವನ್ನು ತೊಳೆದು ಕೆಡಿಸುತ್ತದೆ. ಆಗ ಒದ್ದೆಯಾದ ಪ್ಲಾಸ್ಟಿಕ್ ಕೊಟ್ಟೆಯ ಎರಡು ಬದಿ ಅಂಟಿಕೊಂಡಂತೆ ಗೂಡುಗಳು ಕುಸಿದು ಅಂಟಿಕೊಳ್ಳುತ್ತವೆ. ಅವುಗಳ ಪಕ್ಕದಲ್ಲೇ ಹರಿದುಹೋಗುವ ರಕ್ತಕ್ಕೆ ಆಮ್ಲಜನಕ ಸಿಗುವುದಿಲ್ಲ. ಕಡಲ ನೀರು ನಮ್ಮ ರಕ್ತಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಸಾಂದ್ರವಾದದ್ದರಿಂದ ರಕ್ತನಾಳಗಳಲ್ಲಿನ ದ್ರವವನ್ನೂ ಗೂಡುಗಳೊಳಕ್ಕೆ ಸೆಳೆದುಕೊಳ್ಳುತ್ತದೆ. ಇದಕ್ಕೆಲ್ಲ ಬಿಂದಿಗೆಗಟ್ಟಲೆ ನೀರು ಬೇಕಿಲ್ಲ, ಸ್ವಲ್ಪವೇ ಸಾಕು. ಹೊಟ್ಟೆ ಅದುಮಿ, ತಲೆಕೆಳಗು ಮಾಡಿ ನೀರು ಇಳಿಸುವ ನಮ್ಮ ಹಳೆಯ ರೂಢಿ ತಪ್ಪಾಗುವುದು ಇಲ್ಲೇ. ಹಾಗೆ ಇಳಿಯುವುದು ಹೊಟ್ಟೆಯ ನೀರು. ಅದು ವಾಂತಿಯಾಗಿ ಮತ್ತೆ ಶ್ವಾಸನಾಳಕ್ಕೆ ಹೋಗುವ ಅಪಾಯವೂ ಇದೆ. ಉಸಿರು ನಿಂತವರಿಗೆ ಮೊದಲು ಬೇಕಾದದ್ದು ಬಾಯಿಗೆ ಬಾಯಿಟ್ಟು ಕೊಡುವ ಉಸಿರು, ಅದರ ಬೆನ್ನಿಗೇ ಎದೆಯೊತ್ತು.

2002ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರು ನೀರಿನಲ್ಲಿ ಮುಳುಗಿ ಉಸಿರಾಟ ಏರುಪೇರಾಗುವ ಪ್ರಕ್ರಿಯೆಗೇ ಮುಳುಗುವಿಕೆ ಎನ್ನಬೇಕೆಂದು ಒಪ್ಪಿದರು. ಅಂದರೆ ಬದುಕಿ ಬಂದವನಲ್ಲೂ ಆ ಪ್ರಕ್ರಿಯೆ ನಡೆಯುತ್ತಲೇ ಇರಬಹುದು. ಹದಗೆಡುವುದಿದ್ದರೆ ಸಾಮಾನ್ಯವಾಗಿ ಮೊದಲ ನಾಲ್ಕರಿಂದ ಎಂಟು ತಾಸಿನೊಳಗೆ ಅದು ಗೊತ್ತಾಗುತ್ತದೆ. ಆ ತಾಸುಗಳಲ್ಲಿ ವೈದ್ಯರು ಬಂದು ನೋಡಿ ಹೋಗುತ್ತಾರೆ. ಹಾಸಿಗೆಯ ಪಕ್ಕ ಮತ್ತೆ ಮತ್ತೆ ಬರುವವರು ನರ್ಸ್.

ಅವರು ಏನು ನೋಡುತ್ತಾರೆ? ಮೊದಲು ಉಸಿರಿನ ಎಣಿಕೆ. ಆರಾಮವಾಗಿ ಕೂತ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಎಣಿಸುತ್ತಿದ್ದಾರೆಂದು ತಿಳಿದ ಕೂಡಲೇ ರೋಗಿಯ ಉಸಿರಿನ ಲಯ ಬದಲಾಗುತ್ತದೆ. ಆದ್ದರಿಂದ ಪಳಗಿದ ನರ್ಸ್ ನಾಡಿ ಹಿಡಿದಂತೆ ಕೈ ಹಿಡಿದುಕೊಂಡೇ ಎದೆಯ ಏರಿಳಿತವನ್ನು ಇಡೀ ಒಂದು ನಿಮಿಷ ಎಣಿಸುತ್ತಾರೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆಯಲ್ಲ ಎಂದು ಕೇಳಬಹುದು. ನೀರಿನಿಂದ ಬಂದವನ ತಣ್ಣಗಾದ ಬೆರಳಿನಲ್ಲಿ ಅದು ತಪ್ಪು ತೋರಿಸಬಹುದು. ಅದಲ್ಲದೆ, ಆಮ್ಲಜನಕ ಇಳಿಯದಂತೆ ದೇಹ ಮೊದಲು ಉಸಿರಿನ ವೇಗ ಹೆಚ್ಚಿಸಿಕೊಳ್ಳುತ್ತದೆ. ಐದು ಗಂಟೆಗೆ 18 ಇದ್ದದ್ದು ಆರಕ್ಕೆ 22, ಏಳಕ್ಕೆ 26 ಆಗಿದ್ದರೆ, ಆಕ್ಸಿಮೀಟರ್ ಇನ್ನೂ 95 ಎನ್ನುತ್ತಿದ್ದರೂ ಆ ನರ್ಸ್ ವೈದ್ಯರಿಗೆ ಫೋನ್ ಮಾಡಬೇಕು. ಈ ಏರಿಕೆಯನ್ನು ಗುರುತಿಸುವುದೇ ಶುಶ್ರೂಷೆಯ ವಿವೇಚನೆ. ಇದು ವಿಜ್ಞಾನವೇ, ಮತ್ತು ಇದಕ್ಕೆ ನಾವು ಕೊಡಬೇಕಾದಷ್ಟು ಬೆಲೆ ಕೊಟ್ಟಿಲ್ಲ.

ಇನ್ನೂ ಕಷ್ಟದ ಪ್ರಶ್ನೆಯೊಂದಿದೆ. ಪ್ರವಾಸಕ್ಕೆ ಬಂದವರು ಎಷ್ಟೋ ಸಲ ಕುಡಿದಿರುತ್ತಾರೆ. ಹುಡುಗ ತೂಕಡಿಸುತ್ತಿರುವುದು ಮದ್ಯದಿಂದಲೋ, ಮಿದುಳಿಗೆ ಆಮ್ಲಜನಕ ಸಾಲದೆಯೋ? "ಬಿಡಿ, ರೂಮಿಗೆ ಹೋಗ್ತೇನೆ" ಎಂದು ರೇಗುತ್ತಿರುವುದು ಸ್ವಭಾವವೋ, ಉಸಿರುಗಟ್ಟಿದ ಚಡಪಡಿಕೆಯೋ? ಜೊತೆಗೆ ಬಂದ ಗೆಳೆಯನನ್ನು "ಇವ್ರು ಯಾವಾಗ್ಲೂ ಹೀಗೇನಾ?" ಎಂದು ಕೇಳುವ ನರ್ಸ್ ಅಲ್ಲಿ ರೋಗನಿರ್ಣಯದ ಕೆಲಸವನ್ನೇ ಮಾಡುತ್ತಿರುತ್ತಾರೆ. ಅಮೆರಿಕದ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ ಹೇಳಿದ್ದೂ ಇದನ್ನೇ: ನರ್ಸ್‌ಗಳ ನಿರ್ಣಯ ಅಂಕಿಅಂಶಗಳ ಜೊತೆಗೆ, ಆ ರೋಗಿ ಎಂಥವನೆಂದು ತಿಳಿದುಕೊಳ್ಳುವುದರ ಮೇಲೂ ನಿಂತಿದೆ.

ಗಮನಿಸುವುದರಿಂದ ಎಷ್ಟು ವ್ಯತ್ಯಾಸವಾದೀತು ಎಂಬುದಕ್ಕೆ ರಿಯೊ ಡಿ ಜನೈರೊದ ಕಡಲತೀರಗಳ ಲೆಕ್ಕವಿದೆ. ವೈದ್ಯ ಡೇವಿಡ್ ಸ್ಪಿಲ್‌ಮನ್ 1997ರಲ್ಲಿ 1,831 ಪ್ರಕರಣಗಳನ್ನು ಆರು ಹಂತಗಳಲ್ಲಿ ವಿಂಗಡಿಸಿದರು. ಬರೀ ಕೆಮ್ಮು ಇದ್ದವರಲ್ಲಿ ಸಾವು ಇರಲಿಲ್ಲ. ಪುಪ್ಪುಸದಲ್ಲಿ ಅಲ್ಲಲ್ಲಿ ಗೊರಗೊರ ಸದ್ದು ಇದ್ದವರಲ್ಲಿ ಶೇಕಡಾ 0.6, ಎರಡೂ ಪುಪ್ಪುಸ ತುಂಬಿದವರಲ್ಲಿ 5.2. ಅದರ ಜೊತೆಗೆ ರಕ್ತದೊತ್ತಡವೂ ಕುಸಿದಿದ್ದರೆ 19ಕ್ಕೆ ಜಿಗಿಯಿತು. ಕೆಳಗಿನ ಹಂತದಲ್ಲಿರುವವನು ಮೇಲಿನ ಹಂತಕ್ಕೆ ಏರುತ್ತಿದ್ದಾನೆಯೇ ಎಂದು ಕಾಯುವುದರಲ್ಲೇ ಎಲ್ಲವೂ ಇದೆ.

ನಮ್ಮಲ್ಲಿ ದೂರದ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು. ಗೋಕರ್ಣದಿಂದ ಕುಮಟಾದ ತಾಲ್ಲೂಕು ಆಸ್ಪತ್ರೆ ಮೂವತ್ತು ಕಿಲೋಮೀಟರಿನ ಆಸುಪಾಸು. ವೆಂಟಿಲೇಟರ್ ಹಾಕಿ ದಿನಗಟ್ಟಲೆ ನೋಡಿಕೊಳ್ಳಬೇಕಾದವರನ್ನು ಕಾರವಾರಕ್ಕೋ ನೂರು ಕಿಲೋಮೀಟರಿಗೂ ದೂರದ ಮಣಿಪಾಲಕ್ಕೋ ಒಯ್ಯಬೇಕು. ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಇಂಥಲ್ಲಿ ಕಳಿಸುವ ನಿರ್ಧಾರ ಒಂದು ತಾಸು ಮೊದಲೇ ಆಗಬೇಕು.

ಏನೂ ಆಗದೆ ಎದ್ದು ಹೊರಟವನಿಗೂ ಒಂದು ಅಪಾಯ ಉಳಿದಿರುತ್ತದೆ: ರಾತ್ರಿ ಬಸ್ಸು. ಬೆಂಗಳೂರಿಗೆ ಟಿಕೆಟ್ ಬುಕ್ ಆಗಿದೆ, ಎಂಟಕ್ಕೆ ಹೊರಡಬೇಕು ಎನ್ನುತ್ತಾನೆ. ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ನಡುರಾತ್ರಿ ಉಸಿರು ಕಟ್ಟಿದರೆ ಮಾಡುವುದೇನು? ಹೀಗಾಗಿ ತಿಳಿಹೇಳುವ ಕೆಲಸವೂ ಔಷಧದಷ್ಟೇ ಮುಖ್ಯ. "ಹುಷಾರಾಗಿರಿ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಕೆಮ್ಮು ಜಾಸ್ತಿಯಾದ್ರೆ, ಮಾತಾಡ್ವಾಗ ಏದುಸಿರು ಬಂದ್ರೆ, ಬಾಯಲ್ಲಿ ನೊರೆ ಬಂದ್ರೆ, ಜ್ವರ ಬಂದ್ರೆ ತಕ್ಷಣ ಬನ್ನಿ, ಇಲ್ಲಾ 108ಕ್ಕೆ ಫೋನ್ ಮಾಡಿ. ಇವತ್ತು ರಾತ್ರಿ ಒಬ್ರೇ ಮಲಗ್ಬೇಡಿ, ಕುಡೀಬೇಡಿ" ಎಂದರೆ ತಿಳಿಯುತ್ತದೆ. ಅಷ್ಟು ಹೇಳಿ ಮುಗಿಸದೆ, "ಈಗ ನೀವೇ ಹೇಳಿ ತಮ್ಮಾ, ಯಾವಾಗ ವಾಪಸ್ ಬರ್ಬೇಕು?" ಎಂದು ಗೆಳೆಯನ ಎದುರಿಗೇ ಕೇಳಿದರೆ, ತಲೆಯಾಡಿಸಿದ್ದಕ್ಕೂ ಅರ್ಥಮಾಡಿಕೊಂಡದ್ದಕ್ಕೂ ಇರುವ ಅಂತರ ತಟ್ಟನೆ ಬಯಲಾಗುತ್ತದೆ. ಬಿಟ್ಟುಹೋದದ್ದನ್ನು ಮತ್ತೆ ಹೇಳಬಹುದು.

ಇದಕ್ಕೆಲ್ಲ ನರ್ಸ್‌ಗೆ ಬಿಡುವು ಬೇಕು. ರಾತ್ರಿಪಾಳಿಯಲ್ಲಿ ಒಬ್ಬರೇ ನರ್ಸ್ ಇದ್ದು, ಪಕ್ಕದ ಕೋಣೆಯಲ್ಲಿ ಹೆರಿಗೆಗೆ ಬಂದವರಿದ್ದರೆ, ಉಸಿರೆಣಿಸುವ ಆ ಒಂದು ನಿಮಿಷ ಸಿಗುವುದಿಲ್ಲ. ಚಾರ್ಟಿನಲ್ಲಿ ಅಂದಾಜಿನ 20 ಬೀಳುತ್ತದೆ. ರಜೆ ದಿನಗಳಲ್ಲಿ ಕಡಲತೀರಕ್ಕೆ ಹೆಚ್ಚಿನ ಪೊಲೀಸರನ್ನು ಕಳಿಸುವ ಹಾಗೆ, ಆ ದಿನಗಳಲ್ಲಿ ತೀರದ ಆಸ್ಪತ್ರೆಗಳ ರಾತ್ರಿಪಾಳಿಗೆ ಇನ್ನೊಬ್ಬ ನರ್ಸ್ ಅನ್ನೂ ಕಳಿಸಬೇಕು.