ಬಿಸಿನೀರಿಗೆ ಮೂರು ತಾಲ್ಲೂಕು

ಕರಾವಳಿಯವರಿಗೆ ಮನೆಯನ್ನು ಬೆಚ್ಚಗಿಡುವ ಯಂತ್ರ ಬೇಕಿಲ್ಲ. ಆದರೆ ಬಿಸಿನೀರಿಲ್ಲದೆ ಒಂದು ದಿನವೂ ಸಾಗದು. ಮೇ ತಿಂಗಳ ಸೆಕೆಯಲ್ಲೂ ಸ್ನಾನಕ್ಕೆ ಬಿಸಿನೀರೇ ಆಗಬೇಕೆನ್ನುವ ನಮ್ಮ ಹಠ ಘಟ್ಟದ ಮೇಲಿನ ಗೆಳೆಯರಿಗೆ ಇಂದಿಗೂ ಅರ್ಥವಾಗಿಲ್ಲ. ನಿವೃತ್ತನಾಗಿ ಊರಿಗೆ ಮರಳಿದ ಮೇಲೆ, ಹೊಗೆಯ ಕಾಟ ಸಾಕೆಂದು ಬಚ್ಚಲಿನ ಹಂಡೆಯೊಲೆಯನ್ನು ಕೆಡವಿಸಿ, ತಾರಸಿಯ ಮೇಲೆ ಗಾಜಿನ ಕೊಳವೆಗಳ ಸೋಲಾರ್ ಹೀಟರ್ ಕೂರಿಸಿದವನು ನಾನೇ. ತಾಯಿಯವರು ಆಗ ಏನೂ ಅನ್ನಲಿಲ್ಲ.

ಮಳೆಗಾಲದಲ್ಲಿ ಸೂರ್ಯನನ್ನು ನಂಬುವಂತಿಲ್ಲವಾದ್ದರಿಂದ ಟ್ಯಾಂಕಿನೊಳಗೊಂದು ವಿದ್ಯುತ್ ಕಾಯಿಲ್ ಇರುತ್ತದೆ. ಕಳೆದ ಜೂನ್‌ನಲ್ಲಿ ಅದು ಕೈಕೊಟ್ಟಿತು. ಐದು ವರ್ಷಗಳ ಖಾತರಿಯಲ್ಲಿ ಇನ್ನೂ ಒಂದು ವರ್ಷ ಉಳಿದಿತ್ತು. ದೂರವಾಣಿ ಮಾಡಿದೆ, ದೂರಿನ ಸಂಖ್ಯೆ ಬಂತು, ಮನುಷ್ಯರು ಬರಲಿಲ್ಲ.

ನಮ್ಮ ಮನೆ ಕೋಟ ದಾಟಿ ತೆಕ್ಕಟ್ಟೆಯ ಕಡೆಗಿದೆ. ಬ್ರಹ್ಮಾವರ, ಬೈಂದೂರುಗಳು ಪ್ರತ್ಯೇಕ ತಾಲ್ಲೂಕುಗಳಾಗಿ ಕಾರ್ಯಾರಂಭ ಮಾಡಿದ್ದು 2018ರಲ್ಲಿ. ಆಡಳಿತ ಜನರ ಮನೆಬಾಗಿಲಿಗೆ ಹೋಗಬೇಕಾದರೆ ತಾಲ್ಲೂಕುಗಳು ಚಿಕ್ಕದಾಗಬೇಕೆಂದು ಟಿಪ್ಪಣಿ ಬರೆದವರಲ್ಲಿ ನಾನೂ ಒಬ್ಬ. ಈಗ ಕುಂದಾಪುರದ ವಿತರಕರು ‘ನಿಮ್ಮದು ಬ್ರಹ್ಮಾವರಕ್ಕೆ ಸೇರುತ್ತದೆ’ ಎಂದರು. ಬ್ರಹ್ಮಾವರದವರು ‘ಇಲ್ಲ, ಕುಂದಾಪುರ’ ಎಂದರು. ಇಬ್ಬರಿಗೂ ಸೇರಿ ಇರುವ ಒಬ್ಬನೇ ತಂತ್ರಜ್ಞ ಬೈಂದೂರಿನಲ್ಲಿದ್ದ. ‘ನಾಳೆ ಬರುತ್ತಾರೆ’ ಎಂಬ ಉತ್ತರ ಒಂಬತ್ತು ದಿನ ಕೇಳಿಸಿತು. ಮೇಜಿನ ಆಚೆ ಬದಿಯಲ್ಲಿ ಕೂತು ನಾನೇ ಎಷ್ಟು ಮಂದಿಗೆ ‘ನಾಳೆ ಬನ್ನಿ’ ಅಂದಿದ್ದೇನೋ ಎಂಬ ಲೆಕ್ಕ ನೆನಪಾಗಿ, ಸಿಟ್ಟನ್ನು ನುಂಗಿಕೊಂಡೆ.

ಹತ್ತನೆಯ ದಿನ ಬಂದಾತ ಥರ್ಮೋಸ್ಟಾಟ್ ಬದಲಿಸಿ, ನೀರು ಕಾಯುವುದಕ್ಕೂ ಮುನ್ನವೇ ನನ್ನ ಮೊಬೈಲಿಗೆ ಬಂದ ಒಟಿಪಿ ಕೇಳಿ ಪಡೆದ. ‘ದೂರು ಪರಿಹಾರವಾಗಿದೆ’ ಎಂಬ ಸಂದೇಶ ಅವನ ಬೈಕು ಗೇಟು ದಾಟುವುದರೊಳಗೆ ಬಂತು. ಎರಡೇ ದಿನಕ್ಕೆ ಟ್ಯಾಂಕಿನ ತಳದಿಂದ ನೀರು ಜಿನುಗತೊಡಗಿತು. ಮತ್ತೆ ಹೊಸ ದೂರು, ಹೊಸ ಸಂಖ್ಯೆ. ಈ ಬಾರಿ ಬಂದವನು, ‘ನಿಮ್ಮ ಬಾವಿಯದು ಉಪ್ಪುನೀರು, ಟ್ಯಾಂಕ್ ತೂತಾಗಿದೆ, ಅದಕ್ಕೆ ಖಾತರಿ ಇಲ್ಲ’ ಎಂದ.

ಸಮುದ್ರ ಮತ್ತು ಹಿನ್ನೀರಿನ ನಡುವೆ ಬದುಕುವವರ ಬಾವಿ ಬೇಸಗೆಯ ಕೊನೆಗೆ ಸವುಳಾಗುವುದು ಹೊಸ ಸಂಗತಿಯಲ್ಲ. ಆ ಉಪ್ಪಿನ ಕ್ಲೋರೈಡ್ ಸ್ಟೀಲನ್ನೂ ಕೊರೆಯುತ್ತದೆ. ಅದಕ್ಕೆಂದೇ ಟ್ಯಾಂಕಿನೊಳಗೆ ಮೆಗ್ನೀಸಿಯಮ್ ಸರಳೊಂದನ್ನು ಇಡುತ್ತಾರೆ. ತಾನು ಸವೆದು ಟ್ಯಾಂಕನ್ನು ಉಳಿಸುವುದೇ ಅದರ ಕೆಲಸ, ಸವೆದಾಗ ಬದಲಿಸಬೇಕು. ಟ್ಯಾಂಕಿನ ಬೆಲೆಯ ಮುಂದೆ ಅದರ ಬೆಲೆ ಏನೇನೂ ಅಲ್ಲ. ನಾಲ್ಕು ವರ್ಷಗಳಲ್ಲಿ ಯಾರೂ ನನಗೆ ಈ ಮಾತು ಹೇಳಿರಲಿಲ್ಲ. ಹಳೆಯ ಕಾರು ಕೊಳ್ಳುವವನಿಗಿಂತ ಮಾರುವವನಿಗೆ ಹೆಚ್ಚು ಗೊತ್ತಿರುವುದರಿಂದ ಮಾರುಕಟ್ಟೆಯೇ ಕೆಡುತ್ತದೆ ಎಂದು ಜಾರ್ಜ್ ಅಕೆರ್ಲಾಫ್ 1970ರಲ್ಲೇ ತೋರಿಸಿದ್ದರು. 2001ರಲ್ಲಿ ಅವರು ನೊಬೆಲ್ ಪ್ರಶಸ್ತಿಯಲ್ಲಿ ಪಾಲುದಾರರಾದರು. ಎಂ.ಎ. ತರಗತಿಯಲ್ಲಿ ಕಲಿತ ಅರ್ಥಶಾಸ್ತ್ರ ನನ್ನ ತಾರಸಿಯ ಮೇಲೆ ಉಪಯೋಗಕ್ಕೆ ಬರಲಿಲ್ಲ. ದುರಸ್ತಿಯಲ್ಲಂತೂ ಕಾಯಿಲೆ ಹೇಳುವವನೂ ಮದ್ದು ಮಾರುವವನೂ ಒಬ್ಬನೇ.

ಕಾನೂನಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ನಾನು ಮೊದಲು ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಕರೆಮಾಡಿದೆ. ಮೂರನೆಯ ದಿನ ಕಂಪನಿಯ ಅಧಿಕಾರಿಯೊಬ್ಬರು ತಾವಾಗಿ ಫೋನ್ ಮಾಡಿ, ಹೊಸ ಟ್ಯಾಂಕಿನಲ್ಲಿ ರಿಯಾಯಿತಿ ಕೊಡುವುದಾಗಿ ಹೇಳಿದರು. ಖಾತರಿ ಪತ್ರದಲ್ಲಿ ಉಪ್ಪುನೀರಿನ ಪ್ರಸ್ತಾಪ ಎಲ್ಲಿದೆಯೆಂದು ಕೇಳಿದೆ. ರಿಯಾಯಿತಿ ಹೆಚ್ಚಾಯಿತು. ಉತ್ತರ ಬರಲಿಲ್ಲ.

ಈ ವಾದದ ನಡುವೆ ಒಂದು ಬೆಳಗಿನ ಜಾವ ಹಿತ್ತಿಲಿನಿಂದ ಕೆಮ್ಮು ಕೇಳಿಸಿತು. ಎಂಬತ್ತಾರರ ಅಮ್ಮ ಸೂರಿನಡಿ ಮೂರು ಮುರಕಲ್ಲು ಜೋಡಿಸಿ, ಒದ್ದೆ ಮಡಲಿಗೆ ಬೆಂಕಿ ಹಿಡಿಸಲು ಊದುತ್ತಿದ್ದರು. ಅಷ್ಟು ದಿನವೂ ಅವರು ತಣ್ಣೀರಲ್ಲೇ ಮಿಂದಿದ್ದರೆಂಬುದು ಆಗ ತಿಳಿಯಿತು. ನನ್ನ ಕೈಯ ಮೊಬೈಲು ನೋಡಿ, ‘ನೀ ಫೋನ್ ಮಾಡ್ತಾ ಇರ್, ನಾ ನೀರ್ ಕಾಯ್ಸ್ತೆ’ ಎಂದರು.

ಜುಲೈ ಕೊನೆಗೆ, ಅರ್ಧ ಬೆಲೆ ಕೊಟ್ಟು, ಹೊಸ ಟ್ಯಾಂಕ್ ಹಾಕಿಸಿಕೊಂಡೆ. ಸೇವೆಗೆ ಎಷ್ಟು ನಕ್ಷತ್ರ ಕೊಡುವಿರೆಂದು ಕಂಪನಿ ಸಂದೇಶ ಕಳುಹಿಸಿತು. ಹಿತ್ತಿಲಿನ ಮೂರು ಕಲ್ಲುಗಳನ್ನು ತೆಗೆಯಲು ಅಮ್ಮ ಇನ್ನೂ ಬಿಟ್ಟಿಲ್ಲ.